ಯಾಗೊದಾಳ ಎದುರಿಗೇ ಆಡಿದ ಮಾತು

ನೆಕಾರ್ ದಂಡೆ,
11 ಏಪ್ರಿಲ್ 1971

ಪ್ರಿಯ ವಿದಾ,

ಲಕೋಟೆಯ ಮೇಲೆ ನನ್ನ ಅಕ್ಷರ ನೋಡಿದ ಮೇಲೆ ನೀನು ಇದನ್ನು ಒಡೆಯದೆ ಒಂದೆರಡು ದಿನ ಮೇಜಿನ ಮೇಲೆ ಹಾಗೇ ಬಿಟ್ಟಿರುತ್ತೀಯ. ಬಿಡು. ಮೂರು ವರ್ಷ ಮಾತಿಲ್ಲದೆ ಕಳೆದವರಿಗೆ ಇನ್ನೆರಡು ದಿನ ಹೆಚ್ಚಲ್ಲ.

ನಾನು ಜರ್ಮನಿಗೆ ಹೊರಟ ದಿನ ನೀನು ಸ್ಟೇಷನ್ನಿಗೆ ಬರಲಿಲ್ಲ. ಅದರ ಬಗ್ಗೆ ಇಲ್ಲಿ ಏನೂ ಬರೆಯುವುದಿಲ್ಲ. ಕೆಲಸದ ಮಾತು ಬರೆಯುತ್ತೇನೆ. ಅದಾದರೆ ನೀನು ಓದುತ್ತೀಯ.

ನಮ್ಮ ಆಸ್ಪತ್ರೆಯ ಮೇಟ್ರನ್ ಹೆಡ್ವಿಗ್ ಜೂನ್ ತಿಂಗಳಲ್ಲಿ ಯುಗೊಸ್ಲಾವಿಯಾಕ್ಕೆ ಬರುತ್ತಿದ್ದಾರೆ, ನರ್ಸ್‌ಗಳನ್ನು ಆರಿಸಿಕೊಂಡು ಹೋಗಲು. ನಿಮ್ಮ ಆಸ್ಪತ್ರೆಗೂ ಬರುತ್ತಾರೆ. ಸುಲಭಕ್ಕೆ ನಗುವ ಹೆಂಗಸಲ್ಲ, ಆದರೆ ಸುಳ್ಳು ಹೇಳುವವರೂ ಅಲ್ಲ. ನನ್ನನ್ನು ಕರೆದು, ಮಕ್ಕಳ ವಾರ್ಡಿಗೆ ನಿಮ್ಮ ಕಡೆ ಯಾರಿದ್ದಾರೆ ಎಂದು ಕೇಳಿದರು. ನಾನು ಒಂದೇ ಹೆಸರು ಹೇಳಿದೆ: ಯಾಗೊದಾ.

ಅವಳು ನಿನ್ನ ವಾರ್ಡಿನವಳು, ನಿನ್ನ ಬಲಗೈ ಎಂದು ಗೊತ್ತಿದ್ದೇ ಹೇಳಿದೆ. ಅವಳ ಗಂಡ ಸ್ತೆವಾನ್ ಇಲ್ಲಿನ ಕಾರ್ಖಾನೆಯಲ್ಲಿದ್ದಾನೆ. ಭಾನುವಾರ ನನ್ನ ಕೋಣೆಗೆ ಬಂದು ಸೂಪು ಕುಡಿದು ಹೋಗುತ್ತಾನೆ. "ಯಾವಾಗ ಬರ್ತಾಳಕ್ಕ? ಫೋಟೋ ನೋಡ್ದಿದ್ರೆ ಮುಖಾನೇ ನೆನಪಾಗಲ್ಲ ನಂಗೆ" ಎನ್ನುತ್ತಾನೆ. ಆಮೇಲೆ ನಾಚಿಕೊಂಡು ಉಪ್ಪು ಕೇಳುತ್ತಾನೆ. ಸೂಪಿನಲ್ಲಿ ಉಪ್ಪು ಸರಿಯಾಗಿಯೇ ಇರುತ್ತದೆ.

ಅವಳನ್ನು ಕಳಿಸಿಕೊಡು. ಬೈಯಬೇಕೆನಿಸಿದರೆ ನನ್ನನ್ನು ಬೈ.

ನಿನ್ನ ಹಳೇ ಹಾಸ್ಟೆಲ್ ಕೋಣೆಯವಳು,
ಸ್ಮಿಲ್ಯಾ


ಊರಿನಿಂದ,
2 ಮೇ 1971

ಸ್ಮಿಲ್ಯಾ,

ಲಕೋಟೆ ಮೇಜಿನ ಮೇಲಿದ್ದದ್ದು ಒಂದೇ ದಿನ. ನನ್ನನ್ನು ಅರ್ಥ ಮಾಡಿಕೊಂಡಿದ್ದೇನೆ ಎಂಬ ನಿನ್ನ ಜಂಬ ಇನ್ನೂ ಹೋಗಿಲ್ಲ.

ಇಲ್ಲಿಯ ಸುದ್ದಿ ಕೇಳು. ಸರ್ಜರಿಯಿಂದ ಮೂವರು ಜರ್ಮನಿಗೆ ಹೋದರು, ಒಬ್ಬಳು ಸ್ವೀಡನ್ನಿಗೆ. ಎಕ್ಸ್‌ರೇ ಕೋಣೆಯ ಬೊಸಿಲ್ಕಾ ಗಂಡನ ಹೋಟೆಲಿನಲ್ಲಿ ಮೀನಿನ ಸಾರು ಬಡಿಸುತ್ತಿದ್ದಾಳೆ. ಅಲ್ಲಿ ಯಾರೂ ತನ್ನನ್ನು ಬೈಯುವುದಿಲ್ಲವಂತೆ, ಬೈದರೂ ಕುಡಿದು ಬೈಯುತ್ತಾರಂತೆ. ಮಕ್ಕಳ ವಾರ್ಡಿನಲ್ಲಿ ಉಳಿದಿರುವವರು ನಾನು, ಯಾಗೊದಾ, ಸೊಂಟನೋವಿನ ಮಾರ್ತಾ, ಮತ್ತು ನರ್ಸಿಂಗ್ ಶಾಲೆ ಮುಗಿಸಿ ಈಗಷ್ಟೇ ಬಂದ ಆಂಕಿತ್ಸಾ. ಆಂಕಿತ್ಸಾ ಸೂಜಿ ಹಿಡಿದರೆ ಮಗುವಿಗಿಂತ ಮೊದಲು ತಾನೇ ಅಳುತ್ತಾಳೆ.

ನರ್ಸ್‌ಗಳು ಹೋಗದ ಹಾಗೆ ಏನು ಮಾಡಬೇಕೆಂದು ಡೈರೆಕ್ಟರ್ ಸಭೆ ಕರೆದಿದ್ದರು. ಮಧ್ಯಾಹ್ನವೆಲ್ಲ ಚರ್ಚೆಯಾಯಿತು. ಕಡೆಗೆ ನಮ್ಮ ವಿಶ್ರಾಂತಿ ಕೋಣೆಗೆ ಹಳದಿ ಬಣ್ಣ ಬಳಿಸುವುದೆಂದು ತೀರ್ಮಾನವಾಯಿತು. ಬಣ್ಣ ಚೆನ್ನಾಗಿ ಬಂದಿದೆ. ಅಲ್ಲಿ ಹೋಗಿ ಕೂರಲು ಯಾರಿಗೂ ಪುರುಸೊತ್ತಿಲ್ಲ.

ಯಾಗೊದಾ ನಿನ್ನೆ ಗಸಗಸೆ ರೊಟ್ಟಿ ಸುತ್ತಿಕೊಂಡು ನಮ್ಮ ಮನೆಗೆ ಬಂದಿದ್ದಳು. "ಸಿಸ್ಟರ್, ಹೋಗ್ಲಾ ಬೇಡ್ವಾ ಅಂತ ಕೇಳೋಕೆ ಬಂದಿಲ್ಲ. ಬೇಜಾರ್ ಮಾಡ್ಕೋತೀರಾ ಅಂತ ಕೇಳೋಕೆ ಬಂದೆ" ಎಂದಳು.

"ಹೋಗೇ, ನಾನ್ಯಾಕೆ ಬೇಜಾರ್ ಮಾಡ್ಕೊಳ್ಳಿ. ನಿನ್ ಗಂಡ ಅಲ್ಲಿದಾನೆ" ಎಂದೆ.

ಅವಳಿಗೆ ಕಣ್ಣೀರು ಬಂತು. ನಾನು ಯಾರನ್ನೂ ತಡೆಯುವವಳಲ್ಲ. ನಿನ್ನನ್ನೂ ತಡೆದಿರಲಿಲ್ಲ.

ವಿದಾ


ಊರಿನಿಂದ,
20 ಜೂನ್ 1971

ಸ್ಮಿಲ್ಯಾ,

ನಿನ್ನ ಮೇಟ್ರನ್ ಬಂದು ಹೋದರು. ಐವರನ್ನು ಆರಿಸಿಕೊಂಡರು. ಯಾಗೊದಾ ಅವರಲ್ಲಿಲ್ಲ. ಅವರಿಗೆ ಏನು ಬೇಕಿತ್ತೋ ಅವರಿಗೇ ಗೊತ್ತು.

ಇಲ್ಲಿ ಬಿಸಿಲು ಈಗಲೇ ಜೋರಾಗಿದೆ. ತಿಸಾ ನದಿ ಇಳಿದು ದಂಡೆಯ ಕೆಸರು ನಾರುತ್ತಿದೆ. ಚೆರ್ರಿ ಈ ಸಲ ಹುಳಿ. ನಿಮ್ಮಮ್ಮನ ಸಮಾಧಿಯ ಮೇಲಿನ ಹುಲ್ಲು ಕತ್ತರಿಸಿ, ಬೇಲಿಗೆ ಬಣ್ಣ ಹಚ್ಚಿಸಿದೆ. ಅದಕ್ಕೆ ದುಡ್ಡೇನೂ ಕಳಿಸಬೇಡ. ಮಾರ್ತಾಳಿಗೆ ಸೊಂಟದ ಚಿಕಿತ್ಸೆಗೆ ಬಿಸಿನೀರಿನ ಸ್ಪಾಗೆ ಹೋಗಲು ರಜೆ ಸಿಕ್ಕಿದೆ. ಹಳದಿ ಕೋಣೆಗೆ ಹೊಸ ಪರದೆ ಬಂದಿದೆ.

ಬೇರೆ ಏನೂ ವಿಶೇಷವಿಲ್ಲ.

ವಿದಾ


ನೆಕಾರ್ ದಂಡೆ,
8 ಜುಲೈ 1971

ಪ್ರಿಯ ವಿದಾ,

ಅಮ್ಮನ ಸಮಾಧಿಯ ವಿಷಯ ಓದಿದೆ. ಅದಕ್ಕೆ ನಿನಗೆ ಋಣಿ. ಆದರೂ ಕೇಳದೆ ವಿಧಿಯಿಲ್ಲ.

ಯಾಗೊದಾಳನ್ನು ಯಾಕೆ ಬಿಟ್ಟಿರಿ ಎಂದು ಮೇಟ್ರನ್ನರನ್ನು ಕೇಳಿದೆ. "ಕೈ ನಡುಗುತ್ತದೆ. ಅವಳ ಹಿರಿಯರೇ ಹೇಳಿದರು, ನಾನೂ ಕಣ್ಣಾರೆ ಕಂಡೆ" ಎಂದರು. ಯಾವ ಹಿರಿಯರು ವಿದಾ? ಅವಳಿಗೆ ಹಿರಿಯಳೆಂದರೆ ನೀನೊಬ್ಬಳೇ. ದುಭಾಷಿ ಏನೋ ಎಡವಟ್ಟು ಮಾಡಿರಬೇಕು ಎಂದುಕೊಂಡಿದ್ದೇನೆ. ಯಾರಾತ? ಎಲ್ಲಿಂದ ಕರೆಸಿದ್ದಿರಿ? ತಿಳಿಸು, ಇಲ್ಲಿಂದ ಸರಿಪಡಿಸಲು ಇನ್ನೂ ಸಮಯವಿದೆ.

ಒಂದು ವಿಷಯ ನಾನೂ ಹೇಳಬೇಕು. ಮೇಟ್ರನ್ ಹಾಗೆಂದಾಗ ನಾನು "ಅದು ಸುಳ್ಳು" ಎನ್ನಲಿಲ್ಲ. ಜೊತೆಗೆ ಕೆಲಸ ಮಾಡಿ ಯಾಗೊದಾಳ ಕೈ ಎಂಥದೆಂದು ಗೊತ್ತಿದ್ದ ನಾನು "ಸರಿ ಮೇಡಂ" ಎಂದು ಬಾಗಿಲೆಳೆದುಕೊಂಡು ಬಂದೆ. ಸ್ತೆವಾನನಿಗೆ ಇದನ್ನು ಹೇಳಿಲ್ಲ.

ಸ್ಮಿಲ್ಯಾ


ನೆಕಾರ್ ದಂಡೆ,
30 ಆಗಸ್ಟ್ 1971

ವಿದಾ,

ನಿನ್ನ ಉತ್ತರ ಬರಲಿಲ್ಲ. ಆ ಐವರು ಮೊನ್ನೆ ಬಂದಿಳಿದರು. ಸ್ಟೇಷನ್ನಿಗೆ ನಾನೇ ಹೋಗಿದ್ದೆ. ದುಭಾಷಿ ಯಾರು ಎಂದು ಅವರನ್ನು ಕೇಳಿದೆ. ಹೇಳಿದರು.

ಸ್ತೆವಾನ್ ಈಗ ಭಾನುವಾರಗಳಲ್ಲಿ ಬರುವುದಿಲ್ಲ.

ನಾನು ಊಹಿಸಿದ್ದು ತಪ್ಪು ಎಂದು ಬರೆ. ನಂಬುತ್ತೇನೆ.

ಸ್ಮಿಲ್ಯಾ


ಊರಿನಿಂದ,
19 ಸೆಪ್ಟೆಂಬರ್ 1971

ಸ್ಮಿಲ್ಯಾ,

ನೀನು ಊಹಿಸಿದ್ದು ನಿಜ. ನಿನ್ನ ಜುಲೈ ಪತ್ರಕ್ಕೆ ಉತ್ತರ ಬರೆಯಲು ಎಷ್ಟೋ ಸಲ ಕುಳಿತೆ. ಪ್ರತಿ ಸಲವೂ ಚೆರ್ರಿ, ಬಿಸಿಲು, ಪರದೆ ಎಂದೇ ಕೈ ಬರೆಯುತ್ತಿತ್ತು. ಈಗ ನಡೆದದ್ದನ್ನು ನಡೆದ ಹಾಗೇ ಬರೆಯುತ್ತೇನೆ.

ಉದ್ಯೋಗ ಕಚೇರಿಯ ದುಭಾಷಿ ಆ ದಿನ ಬರಲಿಲ್ಲ. "ಕಾಮ್ರೇಡ್ ವಿದಾ, ನಿಮಗೆ ಜರ್ಮನ್ ಬರುತ್ತಲ್ಲ, ಕೂತ್ಕೊಳ್ಳಿ" ಎಂದರು ಡೈರೆಕ್ಟರ್. ಚಿಕ್ಕಂದಿನಲ್ಲಿ ಪಕ್ಕದ ಮನೆಯಲ್ಲಿದ್ದ ಜರ್ಮನ್ನರ ಫ್ರಾಂಕ್ ಅಜ್ಜಿಯ ಅಡುಗೆಮನೆಯಲ್ಲಿ ಹಿಟ್ಟು ಕಲಸುತ್ತ ಕಲಿತ ಭಾಷೆ ಅದು. ಅದರಲ್ಲಿ ಸುಳ್ಳು ಹೇಳಲು ಬರುತ್ತದೆ ಎಂದು ನನಗೇ ಗೊತ್ತಿರಲಿಲ್ಲ.

ಮೊದಲ ಐವರದು ಸರಿಯಾಗಿಯೇ ಆಯಿತು. ಹೇಳಿದ್ದನ್ನು ಹೇಳಿದ ಹಾಗೆ ಆ ಕಡೆಯಿಂದ ಈ ಕಡೆಗೆ ದಾಟಿಸಿದೆ. ಆಮೇಲೆ ಯಾಗೊದಾ ಬಂದಳು. ಮದುವೆಯ ದಿನ ತೊಟ್ಟಿದ್ದ ನೀಲಿ ಜಾಕೆಟ್ ಹಾಕಿಕೊಂಡಿದ್ದಳು. ಅವಳ ಮುಂದೆಯೂ ಕಾಫಿ ಇಟ್ಟರು. ಯಾಕೆ ಬರಬೇಕೆಂದಿದ್ದೀಯ ಎಂದು ಮೇಟ್ರನ್ ಕೇಳಿದರು. "ಗಂಡ ಅಲ್ಲಿದಾನೆ. ಅದನ್ನ ಮುಚ್ಚಿಟ್ಟು ಬೇರೇನೋ ಹೇಳಕ್ಕೆ ನಂಗೆ ಬರಲ್ಲ" ಎಂದಳು. ಅದನ್ನೂ ಹಾಗೇ ದಾಟಿಸಿದೆ. ಮೇಟ್ರನ್ ಮೊದಲ ಬಾರಿಗೆ ಸ್ವಲ್ಪ ನಕ್ಕರು. ಆಮೇಲೆ ನನ್ನ ಕಡೆ ತಿರುಗಿ, "ನೀವೇನು ಹೇಳುತ್ತೀರಿ ಇವಳ ಬಗ್ಗೆ?" ಎಂದರು.

ತನ್ನ ಬಗ್ಗೆ ಕೇಳುತ್ತಿದ್ದಾರೆ ಎಂದು ಯಾಗೊದಾಳಿಗೆ ತಿಳಿಯಿತು. ನನ್ನನ್ನು ನೋಡಿ ಮುಗುಳ್ನಕ್ಕು ತಲೆ ತಗ್ಗಿಸಿದಳು. ಹೊಗಳಿಕೆ ಬರುತ್ತಿದೆ ಎಂದು ನಾಚಿಕೊಳ್ಳುವವರ ಹಾಗೆ.

ನಾನು ಹೇಳಿದೆ: "ಒಳ್ಳೆಯ ಹುಡುಗಿ, ಕಷ್ಟಪಡುತ್ತಾಳೆ. ಆದರೆ ಈಚೆಗೆ ಕೈ ನಡುಗುತ್ತದೆ. ಮಕ್ಕಳಿಗೆ ಸೂಜಿ ಹಾಕುವ ಕೆಲಸ ಕೊಡಬಹುದು ಎಂದು ನಾನು ಹೇಳಲಾರೆ."

ಮೊದಲೇ ಯೋಚಿಸಿ ಆಡಿದ ಮಾತಲ್ಲ. ಆದರೆ ತಡವರಿಸಿ ಬಂದದ್ದೂ ಅಲ್ಲ. ವ್ಯಾಕರಣ ಸಹಿತ ಸರಿಯಾಗಿ ಬಂತು. ಮೇಟ್ರನ್ ಅವಳ ಕೈಯನ್ನೇ ದಿಟ್ಟಿಸಿದರು. ಅವರು ಹಾಗೆ ನೋಡುವುದನ್ನು ಕಂಡು ಅವಳಿಗೆ ಗಾಬರಿಯಾಯಿತೋ ಏನೋ, ಕೈಯಲ್ಲಿದ್ದ ಕಾಫಿ ಕಪ್ಪು ಸಾಸರಿಗೆ ತಗುಲಿ ಸಣ್ಣಗೆ ಸದ್ದಾಯಿತು. ಅಷ್ಟು ಸಾಕಾಯಿತು.

ಹೊರಗೆ ಬಂದ ಮೇಲೆ ಅವಳು ನನ್ನ ತೋಳು ಹಿಡಿದುಕೊಂಡಳು. "ಏನಂದ್ರಿ ಸಿಸ್ಟರ್? ಜಾಸ್ತಿ ಹೊಗಳಿಬಿಟ್ರಾ?"

"ಇರೋದನ್ನ ಹೇಳ್ದೆ" ಎಂದೆ. ಅವಳು ನನ್ನ ಕೆನ್ನೆಗೆ ಮುತ್ತಿಟ್ಟಳು.

ಹೆಸರುಗಳು ಬಂದ ದಿನ ಅವಳೇ ಕೇಳಿದಳು. ಆಗಲಾದರೂ ಬಾಯಿ ಬಿಡಬಹುದಿತ್ತು. "ಕಪ್ಪು ಅಲುಗಾಡ್ತಲ್ಲ, ಕೈ ನಡುಗುತ್ತೆ ಅಂತ ಅವ್ರಿಗೆ ಅನ್ನಿಸ್ತಂತೆ" ಎಂದೆ. ಸುಳ್ಳನ್ನು ಕಪ್ಪಿನ ತಲೆಗೆ ಕಟ್ಟಿದೆ. ಅವಳು ತನ್ನ ಎರಡೂ ಕೈಯನ್ನು ಏಪ್ರನ್ನಿನ ಜೇಬಿನೊಳಗೆ ಇಟ್ಟುಕೊಂಡಳು.

ಜುಲೈನಲ್ಲಿ ಆಸ್ಪತ್ರೆಯ ವಾರ್ಷಿಕೋತ್ಸವವಿತ್ತು. ಈ ಸಲ ಒಬ್ಬ ನರ್ಸನ್ನೂ ಬಿಟ್ಟುಕೊಡದ ವಾರ್ಡು ನನ್ನದೊಂದೇ ಎಂದು ಕಾರ್ಮಿಕರ ಮಂಡಳಿಯವರು ನನ್ನನ್ನು ವೇದಿಕೆಗೆ ಕರೆದು ಕಾರ್ನೇಶನ್ ಹೂವನ್ನೂ ಒಂದು ಗೋಡೆ ಗಡಿಯಾರವನ್ನೂ ಕೊಟ್ಟರು. "ಸಿಬ್ಬಂದಿಯನ್ನು ಪ್ರೀತಿಯಿಂದ ಹಿಡಿದಿಡುವುದು ಹೇಗೆಂದು ಇವರನ್ನು ನೋಡಿ ಕಲಿಯಿರಿ" ಎಂದರು ಡೈರೆಕ್ಟರ್. ಯಾಗೊದಾ ಮುಂದಿನ ಸಾಲಿನಲ್ಲಿ ನಿಂತು ಚಪ್ಪಾಳೆ ತಟ್ಟಿದಳು. ಸುಮ್ಮನೆ ಲೋಕಾರೂಢಿಗಲ್ಲ, ಮನಸಾರೆ. ಆ ಗಡಿಯಾರ ಬೀರುವಿನಲ್ಲಿ ಬಟ್ಟೆಯ ಕೆಳಗಿದೆ. ಅದಕ್ಕೆ ಕೀಲಿ ಕೊಟ್ಟಿಲ್ಲ.

ಅದಾದ ಮೇಲೆ ಅವಳು ನಿಜವಾಗಿಯೇ ತಪ್ಪತೊಡಗಿದಳು. ಸೂಜಿ ಹಿಡಿದು ಚುಚ್ಚುವ ಮುಂಚೆ ಬೆರಳನ್ನೇ ನೋಡಿಕೊಳ್ಳುತ್ತ ನಿಲ್ಲುವಳು. ಅಷ್ಟರಲ್ಲಿ ಮಗು ಕೊಸರಾಡಿ ಎಲ್ಲ ಕೆಡುವುದು. ಒಂದು ದಿನ ಒಬ್ಬ ತಾಯಿ, "ಬೇರೆಯೋರ್ನ ಕರೀರಿ, ಇವಳ ಕೈಗೆ ನನ್ ಮಗೂನ ಕೊಡಲ್ಲ" ಎಂದು ಕೂಗಿದಳು. ಯಾಗೊದಾ ನೇರ ನನ್ನ ಬಳಿ ಬಂದು, "ನನ್ನ ಕೆಳಗಿನ ಸ್ಟೆರಿಲೈಸ್ ಕೋಣೆಗೆ ಹಾಕ್ಬಿಡಿ ಸಿಸ್ಟರ್. ಅಲ್ಲಿ ಸಿರಿಂಜು ಕುದಿಸ್ತೀನಿ, ಬ್ಯಾಂಡೇಜ್ ಸುತ್ತುತೀನಿ. ಆ ಜರ್ಮನ್ ಹೆಂಗಸು ಒಂದೇ ನೋಟಕ್ಕೆ ಕಂಡಿದ್ದು ನಂಗೇ ಗೊತ್ತಿರ್ಲಿಲ್ಲ" ಎಂದಳು.

ನಾನು ಹಾಕಿಕೊಟ್ಟೆ. ಯಾರನ್ನು ಇಟ್ಟುಕೊಳ್ಳಲು ಹಾಗೆ ಮಾಡಿದೆನೋ ಅವಳನ್ನು ನನ್ನ ಕೈಯಾರೆ ನೆಲಮಾಳಿಗೆಗೆ ಕಳಿಸಿದೆ. ಹೋಗುವ ಮುಂಚೆ, "ನಿಮ್ಮ ಜಾಗದಲ್ಲಿ ಬೇರೆ ಯಾರಾದ್ರೂ ಇದ್ದಿದ್ರೆ ಕೆಲಸದಿಂದ್ಲೇ ತೆಗೀತಿದ್ರು. ನಿಮ್ ಉಪಕಾರ ಮರೆಯಲ್ಲ" ಎಂದಳು. ಸ್ಮಿಲ್ಯಾ, ಅವಳು ನನಗೆ ಕೃತಜ್ಞತೆ ಹೇಳಿದಳು.

ಆಗಸ್ಟ್ ಕೊನೆಯಲ್ಲಿ ಭೇದಿಯ ಮಕ್ಕಳು ಬರತೊಡಗಿದವು. ಪ್ರತಿ ಬೇಸಿಗೆಯಂತೆಯೇ. ಒಂದು ಮಧ್ಯಾಹ್ನ ದಂಡೆಯ ಮೀನುಗಾರನೊಬ್ಬ ತನ್ನ ಹೆಣ್ಣುಮಗುವನ್ನು ಅಂಗಿಯಲ್ಲಿ ಸುತ್ತಿಕೊಂಡು ಬಂದ. ನೆತ್ತಿ ಗುಳಿ ಬಿದ್ದಿತ್ತು, ಅಳಲೂ ಶಕ್ತಿಯಿರಲಿಲ್ಲ. ಡ್ರಿಪ್ ಹಾಕಲೇಬೇಕು. ಡಾಕ್ಟರು ಆಪರೇಷನ್ನಿನಲ್ಲಿದ್ದರು. ಆಂಕಿತ್ಸಾ ನೋಡಿದಳು, ಸಿಗಲಿಲ್ಲ. ನಾನು ನೋಡಿದೆ. ಕನ್ನಡಕ ಹಣೆಗೇರಿಸಿ, ಇಳಿಸಿ, ಮತ್ತೆ ನೋಡಿದೆ. ಆ ಮಗುವಿನ ತಲೆಯ ನರ ನೂಲಿನ ಎಳೆಗಿಂತ ಸಣ್ಣ. ಎರಡೂ ಕಡೆ ಕೆಡಿಸಿದೆ. ಅಪ್ಪ ಬಾಗಿಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದ.

ನಾನು ಕೆಳಗೆ ಓಡಿದೆ. ಸ್ಟೆರಿಲೈಸ್ ಕೋಣೆಯಲ್ಲಿ ಹಬೆ ತುಂಬಿತ್ತು. ಯಾಗೊದಾ, ಬಟ್ಟೆ ಒಗೆಯುವ ಕಾತಾ, ಇನ್ನಿಬ್ಬರು ಹೆಂಗಸರು ಬ್ಯಾಂಡೇಜ್ ಸುತ್ತುತ್ತಿದ್ದರು.

"ಯಾಗೊದಾ, ಮೇಲೆ ಬಾ. ಒಂದು ಮಗು ಇದೆ, ನರ ಸಿಗ್ತಿಲ್ಲ."

"ನನ್ ಕೈಲಿ ಆಗಲ್ಲ ಸಿಸ್ಟರ್. ಕೈ ವಿಷಯ ನಿಮಗೆ ಗೊತ್ತಲ್ಲ."

"ನಿನ್ ಕೈಗೆ ಏನೂ ಆಗಿಲ್ಲ ಕಣೇ."

"ನೀವು ಪ್ರೀತಿಗೆ ಹಾಗಂತೀರಿ. ಆ ಹೆಂಗಸು ಕಂಡಿದ್ದು ಸುಳ್ಳಾ?"

"ಅವ್ರು ಏನೂ ಕಾಣ್ಲಿಲ್ಲ. ನಾನು ಹೇಳ್ದೆ. ನಿನ್ ಪಕ್ಕದಲ್ಲೇ ಕೂತು ಜರ್ಮನ್‌ನಲ್ಲಿ ಹೇಳ್ದೆ. ನೀನು ಹೋಗ್ಬಾರ್ದು ಅಂತ."

ಕಾತಾ "ಅಯ್ಯೋ ದೇವ್ರೇ" ಎಂದಳು.

ಯಾಗೊದಾ ಕೈಯಲ್ಲಿದ್ದ ಬ್ಯಾಂಡೇಜನ್ನು ಕೆಳಗಿಟ್ಟಳು. "ಏನಂತ ಹೇಳಿದ್ರಿ? ಅಲ್ಲಿ ಹೇಳಿದ ಹಾಗೇ ಹೇಳಿ" ಎಂದಳು.

ಜರ್ಮನ್ನಿನಲ್ಲಿ ಹೇಳಿದೆ. ಮೇಲೆ ಮಗು ಸಾಯುತ್ತಿತ್ತು, ಇಲ್ಲಿ ನಾನು ಹಬೆಯ ನಡುವೆ ನಿಂತು ಪಾಠ ಒಪ್ಪಿಸುವವಳ ಹಾಗೆ ಆ ವಾಕ್ಯಗಳನ್ನು ಒಪ್ಪಿಸುತ್ತಿದ್ದೆ.

"ಈಗ ನಮ್ ಭಾಷೇಲಿ."

ನಮ್ಮ ಭಾಷೆಯಲ್ಲೂ ಹೇಳಿದೆ. ಜರ್ಮನ್ನಿನಲ್ಲಿ ಅದು ಬರೀ ಮಾತಾಗಿತ್ತು. ನಮ್ಮ ಭಾಷೆಗೆ ಬಂದಾಗ ಅದೇನು ಎಂದು ನನಗೂ ಕೇಳಿಸಿತು.

ಅವಳು ನಲ್ಲಿಯ ಕೆಳಗೆ ಮೊಣಕೈವರೆಗೂ ತೊಳೆದುಕೊಂಡಳು. ಅವಸರ ಮಾಡಲಿಲ್ಲ. ಮೇಲೆ ಹತ್ತಿದಳು. ಮಗುವಿನ ತಲೆಯನ್ನು ಅಂಗೈಯಲ್ಲಿ ಹಿಡಿದು ಬೆರಳಿನಿಂದ ಸವರಿ, ಕಿವಿಯ ಹಿಂದೆ ಒಂದು ಜಾಗ ಹುಡುಕಿ, ಸೂಜಿ ಇಳಿಸಿದಳು. ರಕ್ತ ಬಂತು, ನರ ಸಿಕ್ಕಿತ್ತು. "ಟೇಪು" ಎಂದಳು. ಕತ್ತರಿಸಿ ಕೊಟ್ಟೆ. ಅವಳು ಆಮೇಲೆ ಇವತ್ತಿನವರೆಗೆ ನನ್ನೊಂದಿಗೆ ಆಡಿದ್ದು ಅದೊಂದೇ ಮಾತು. ಮಗು ಉಳಿಯಿತು.

ಸಂಜೆಯೊಳಗೆ ಆಸ್ಪತ್ರೆಗೆಲ್ಲ ಗೊತ್ತಾಯಿತು. ನಾನು ಹೆಡ್ ಸಿಸ್ಟರ್ ಕೆಲಸಕ್ಕೆ ರಾಜೀನಾಮೆ ಕೊಡಲು ಹೋದೆ. ಡೈರೆಕ್ಟರ್ ಬಾಗಿಲು ಹಾಕಿ ಗ್ಲಾಸಿಗೆ ರಾಕಿಯಾ ಬ್ರಾಂದಿ ಬಗ್ಗಿಸಿದರು. "ಕಾಮ್ರೇಡ್ ವಿದಾ, ನಾನಾಗಿದ್ರೂ ಅದನ್ನೇ ಮಾಡ್ತಿದ್ದೆ. ಬಾಯಿ ಬಿಟ್ಟು ಹೇಳ್ಬಾರ್ದಿತ್ತು, ಅಷ್ಟೇ. ಈಗ ನೀವೂ ಬಿಟ್ರೆ ವಾರ್ಡ್ ನೋಡ್ಕೊಳ್ಳೋರು ಯಾರು?" ಎಂದರು. ಬೈದಿದ್ದರೆ ನೆಟ್ಟಗೆ ನಿಂತು ಕೇಳಿಸಿಕೊಳ್ಳುತ್ತಿದ್ದೆ. ಅವರು ನನ್ನನ್ನು ತಮ್ಮ ಪಕ್ಕಕ್ಕೆ ಎಳೆದುಕೊಂಡರು.

ವಾರ್ಡಿಗಾಗಿ ಮಾಡಿದೆ ಎಂದು ಮೊದಮೊದಲು ನನಗೆ ನಾನೇ ಹೇಳಿಕೊಂಡೆ. ಈ ಪತ್ರದಲ್ಲಿ ಅದನ್ನೂ ಬರೆದು ಹೊಡೆದುಹಾಕಿದ್ದೇನೆ. ಮೇಲಿನ ಪುಟದ ಮಸಿ ಅದೇ.

ಇದರ ಜೊತೆ ಮೇಟ್ರನ್ನರಿಗೆ ಒಂದು ಪತ್ರವಿದೆ. ಲಕೋಟೆ ಅಂಟಿಸಿಲ್ಲ. ಓದಿ ಕೊಡು.

ವಿದಾ


ನೆಕಾರ್ ದಂಡೆ,
14 ನವೆಂಬರ್ 1971

ವಿದಾ,

ಪತ್ರ ಕೊಡಲು ತಡಮಾಡಿದೆ. ಕೋಪಕ್ಕಲ್ಲ. ಅದನ್ನು ಕೊಟ್ಟರೆ ನನ್ನದೂ ಹೊರಬೀಳುತ್ತದೆ ಎಂಬ ಭಯಕ್ಕೆ. ಹಾಗೇ ಆಯಿತು.

ಮೇಟ್ರನ್ ನಿಂತೇ ಓದಿದರು. ಕನ್ನಡಕ ತೆಗೆದು, "ಅವಳ ಕೈ ಚೆನ್ನಾಗಿದೆಯೆಂದು ನಿನಗೆ ಗೊತ್ತಿತ್ತೇ?" ಎಂದರು. ಗೊತ್ತಿತ್ತು ಎಂದೆ. "ಹಾಗಾದರೆ ಅವತ್ತು ಯಾಕೆ ಸುಮ್ಮನಿದ್ದೆ?"

ಏನು ಹೇಳಲಿ? ಅದಕ್ಕೆ ಸ್ವಲ್ಪ ಮುಂಚೆ ನನ್ನನ್ನು ವಾರ್ಡಿನ ಮುಖ್ಯಸ್ಥೆ ಮಾಡಿದ್ದರು. ಹೊರದೇಶದವರಲ್ಲಿ ನಾನೇ ಮೊದಲನೆಯವಳು. ದೊಡ್ಡವರ ಮಾತಿಗೆ ಎದುರಾಡದಿರುವುದನ್ನೂ ಲೆಕ್ಕಕ್ಕೆ ಹಿಡಿದೇ ಮಾಡಿದ್ದರು. ನಾನು ಗೋಡೆ ನೋಡಿದೆ.

"ಎಂಥ ಆಸ್ಪತ್ರೆ ನಿಮ್ಮದು? ಒಬ್ಬಳನ್ನು ಉಳಿಸಿಕೊಳ್ಳಲು ಅವಳ ಹೆಸರು ಕೆಡಿಸುವುದೇ?" ಎಂದರು. ಒಂದು ಮಧ್ಯಾಹ್ನ ಬಂದು ಕಾಫಿ ಕುಡಿದು ಐವರನ್ನು ಎತ್ತಿಕೊಂಡು ಹೋದವರು ನೀವಲ್ಲವೇ ಎಂದು ಕೇಳಬೇಕೆನಿಸಿತು. ಅದನ್ನೂ ಕೇಳಲಿಲ್ಲ. ನಿನಗೆ ಒಂದು ಕಡೆ ಮಾತು ಹೆಚ್ಚಾಯಿತು ವಿದಾ. ನನಗೆ ಎಲ್ಲ ಕಡೆಯೂ ಕಡಿಮೆಯಾಗುತ್ತದೆ.

ಫೆಬ್ರವರಿಯಲ್ಲಿ ಒಂದು ಜಾಗ ಖಾಲಿಯಾಗುತ್ತದೆ. ಯಾಗೊದಾ ಬರಬಹುದು. ಕಾಗದ ನೇರ ಅವಳಿಗೇ ಬರುತ್ತದೆ, ನಿನ್ನ ಮೂಲಕವಲ್ಲ.

ಸ್ತೆವಾನನ ಕೋಣೆ ಹುಡುಕಿಕೊಂಡು ಹೋಗಿದ್ದೆ. ಬಾಗಿಲು ತೆಗೆದದ್ದು ಬೇರೊಬ್ಬಳು. ನಾನು ವಿಳಾಸ ತಪ್ಪಿತು ಎಂದು ಸುಳ್ಳು ಹೇಳಿ ಇಳಿದು ಬಂದೆ. ಯಾಗೊದಾಳಿಗೆ ಇದನ್ನು ಹೇಳಬೇಕಾದವರು ಯಾರು? ನೀನೋ, ನಾನೋ, ಅವನೋ?

ಸ್ಮಿಲ್ಯಾ


ಊರಿನಿಂದ,
6 ಫೆಬ್ರವರಿ 1972

ಸ್ಮಿಲ್ಯಾ,

ಅವಳಿಗೆ ನಾನೇ ಹೇಳಿದೆ. ಇದನ್ನೂ ಮುಚ್ಚಿಡುವ ಹಕ್ಕು ನನಗಿಲ್ಲ ಎನ್ನಿಸಿತು. ಔಷಧಿ ಬೀರುವಿನ ಹತ್ತಿರ ನಿಂತು ಕೇಳಿದಳು. "ಗೊತ್ತು. ಕ್ರಿಸ್‌ಮಸ್ಸಿಗೆ ಅವನೇ ಬರೆದ" ಎಂದಳು. ಬೀರುವಿನ ಬಾಗಿಲು ಹಾಕಿ, "ಜೂನ್‌ನಲ್ಲಿ ಹೋಗಿದ್ರೆ ಅಂತ ಕೇಳ್ಬೇಡಿ. ನಾನೂ ಕೇಳ್ಕೊಳ್ಳಲ್ಲ" ಎಂದಳು. ನಾನು ಕೇಳಿರಲಿಲ್ಲ.

ಆದರೂ ಹೊರಟಳು. ಇಲ್ಲಿ ಇರಲಾರೆ ಎಂದಳು. ಹೋಗುವ ಮುಂಚೆ ಚಳಿಗಾಲವಿಡೀ ಆಂಕಿತ್ಸಾಳನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಕಲಿಸಿದಳು. "ಕಣ್ಣಲ್ಲಿ ಹುಡುಕ್ಬೇಡ ಮಾರಾಯ್ತಿ, ಬೆರಳಲ್ಲಿ ಹುಡುಕು. ಅಳೋದನ್ನ ಆಮೇಲೆ ಅಳು" ಎನ್ನುವಳು. ಆಂಕಿತ್ಸಾ ಈಗ ಅಳುವುದಿಲ್ಲ. ನನಗಾಗಿ ಕಲಿಸಿದಳು ಎಂದು ನಾನು ಅಂದುಕೊಂಡಿಲ್ಲ.

ನಾನು ಹಳದಿ ಕೋಣೆಗೆ ಕಾಲಿಟ್ಟರೆ ಮಾತು ನಿಲ್ಲುತ್ತದೆ. ಸರ್ಜರಿಯ ಇಬ್ಬರು ಡೈರೆಕ್ಟರ್ ಬಳಿ ಹೋಗಿ, ತಮ್ಮ ಬಗ್ಗೆ ಯಾರಾದರೂ ಕೇಳಿದರೆ ವಿದಾಳನ್ನು ಕೂರಿಸಬೇಡಿ ಎಂದರಂತೆ. ನ್ಯಾಯವೇ. ಮಾರ್ತಾ ಮಾತ್ರ ಮೊದಲಿನ ಹಾಗೇ ಸೊಂಟದ ಕಥೆ ಹೇಳುತ್ತಾಳೆ. ಅವಳ ಮುಂದೆ ಕೂತಿರುವುದೇ ನನಗೆ ಕಷ್ಟ.

ಕೊನೆಯ ದಿನ ಯಾಗೊದಾ ಬೀಗದ ಕೈ ಒಪ್ಪಿಸಲು ಬಂದಳು. ದಾರಿಗೆಂದು ಅಕ್ರೋಟು ಹಾಕಿ ಬೇಯಿಸಿದ ರೊಟ್ಟಿಯನ್ನು ಮುಂದಿಟ್ಟೆ. ಬಟ್ಟೆ ಬಿಚ್ಚಿ ನೋಡಿ, ಮತ್ತೆ ಕಟ್ಟಿ, "ಮಕ್ಕಳಿಗೆ ಹಂಚಿ" ಎಂದಳು. ಹಂಚಿದೆ. ಬಸ್ಸಿನ ಹತ್ತಿರ ನಾನು ಹೋಗಲಿಲ್ಲ. ನೀನು ಹೊರಟಾಗ ಕೋಪಕ್ಕೆ ಬಂದಿರಲಿಲ್ಲ. ಈಗ ಮುಖವಿರಲಿಲ್ಲ.

ತವರಿನಲ್ಲಿ ಎರಡು ವಾರ ಇದ್ದು ತಿಂಗಳ ಕೊನೆಗೆ ರೈಲು ಹತ್ತುತ್ತಾಳಂತೆ; ಅವಳನ್ನು ಸ್ಟೇಷನ್ನಿನಲ್ಲಿ ಎದುರುಗೊಳ್ಳು. ಕೈ ಚಳಿಗೆ ಒಡೆಯುತ್ತದೆ ಅವಳಿಗೆ, ಗ್ಲೌಸು ತೆಗೆದುಕೊಂಡು ಹೋಗು. ನಾನು ಹೇಳಿದೆ ಎನ್ನಬೇಡ.

ವಿದಾ


ನೆಕಾರ್ ದಂಡೆ,
23 ಏಪ್ರಿಲ್ 1972

ಸಿಸ್ಟರ್ ವಿದಾ ಅವರಿಗೆ,

ನಾನು ಬರೆಯಬಾರದೆಂದಿದ್ದೆ. ಒಂದು ವಿಷಯ ನಿಮಗೆ ಗೊತ್ತಿರಬೇಕು ಎನ್ನಿಸಿತು, ಅದಕ್ಕೆ ಬರೆಯುತ್ತಿದ್ದೇನೆ.

ನಾನು ಇಲ್ಲಿ ಮಕ್ಕಳ ವಾರ್ಡಿನಲ್ಲಿದ್ದೇನೆ. ಹಾಸ್ಟೆಲಿನ ಕೋಣೆಗೆ ದೊಡ್ಡ ಕಿಟಕಿ ಇದೆ. ಸ್ತೆವಾನ್ ಒಮ್ಮೆ ಬಂದಿದ್ದ. ಗೇಟಿನ ಹತ್ತಿರ ನಿಂತೇ ಮಾತಾಡಿದೆವು. ಅತ್ತದ್ದು ಅವನು. ವಿಚ್ಛೇದನದ ಕಾಗದಪತ್ರಕ್ಕೆ ಸಹಿ ಹಾಕುತ್ತೇನೆ ಎಂದು ಹೇಳಿ ಕಳಿಸಿದೆ. ಅದಕ್ಕೆ ನಿಮ್ಮೊಬ್ಬರನ್ನೇ ದೂರುವುದಿಲ್ಲ. ಅವನೂ ಕಾಯಬಹುದಿತ್ತು.

ನಿಮಗೆ ತಿಳಿಸಬೇಕಾದದ್ದು ಇದು. ಮೊದಲ ದಿನ ಮೇಟ್ರನ್ ನನ್ನನ್ನು ಎಲ್ಲರ ಮುಂದೆ ನಿಲ್ಲಿಸಿದರು. ಆ ಐವರು ನಮ್ಮೂರಿನವರೂ ಇದ್ದರು, ಜರ್ಮನ್ ನರ್ಸ್‌ಗಳೂ ಇದ್ದರು. ಅವರು ಕೆಟ್ಟದಾಗಿ ಕೇಳಲಿಲ್ಲ. ತಮಗೆ ಯಾವ ಅನುಮಾನವೂ ಇಲ್ಲ, ಆದರೆ ಹಿಂದೊಮ್ಮೆ ಆ ಮಾತು ಬಂದಿದ್ದರಿಂದ ಎಲ್ಲರೂ ಒಮ್ಮೆ ನೋಡಿಬಿಡಲಿ, ನಾಳೆ ಯಾರೂ ಪಿಸುಗುಟ್ಟಬಾರದು ಎಂದರು. ಕೈ ಮುಂದೆ ಚಾಚಲು ಹೇಳಿದರು. ಸ್ಮಿಲ್ಯಾ ಅಕ್ಕ ಅದನ್ನು ನಮ್ಮ ಭಾಷೆಗೆ ತಿರುಗಿಸಿ ಹೇಳಿದರು. ಹೇಳಿದ ಮೇಲೆ ನೆಲ ನೋಡುತ್ತ ನಿಂತರು.

ನಾನು ಚಾಚಿದೆ. ನಡುಗಲಿಲ್ಲ. ಮೇಟ್ರನ್ "ಒಳ್ಳೆಯದು" ಎಂದರು. ಎಲ್ಲರೂ ಕೆಲಸಕ್ಕೆ ಹೋದರು. ಈಗ ಕಷ್ಟದ ಮಕ್ಕಳನ್ನೆಲ್ಲ ನನ್ನ ಬಳಿಯೇ ತರುತ್ತಾರೆ.

ಅವರು ಕೇಳಿದ್ದಕ್ಕೆ ನನಗೆ ಅಷ್ಟು ನೋವಾಗಲಿಲ್ಲ. ನೀವು ಸುಳ್ಳು ಹೇಳಿದ್ದಿರಿ ಎಂದು ನನಗೆ ಗೊತ್ತು. ನಿಮ್ಮ ಬಾಯಿಂದಲೇ, ಎರಡು ಭಾಷೆಯಲ್ಲಿ ಕೇಳಿದ್ದೇನೆ. ಆದರೂ ಚಾಚುವ ಮುಂಚೆ ನಾನು ಕೈಯನ್ನು ಏಪ್ರನ್ನಿನ ಮರೆಯಲ್ಲಿ ಹಿಡಿದು, ನಡುಗುತ್ತಿದೆಯೇ ಎಂದು ಮೊದಲು ನಾನೇ ನೋಡಿಕೊಂಡೆ.

ಇದಕ್ಕೆ ಉತ್ತರ ಬರೆಯಬೇಡಿ.

ಯಾಗೊದಾ